ಲೋಚ್ ಮೀನು ಮಗ್ಗುಲಾಗಿ ಮಲಗಿದೆ, ಬಣ್ಣ ಬಿಟ್ಟಿದೆ: ಔಷಧಿಗೆ ಮುಂಚೆ ಏನೇನು ನೋಡಬೇಕು

ಬೆಳಗ್ಗೆ ಎದ್ದು ಅಕ್ವೇರಿಯಂ ಲೈಟ್ ಹಾಕಿದರೆ ಕ್ಲೌನ್ ಲೋಚ್ ತಳದಲ್ಲಿ ಮಗ್ಗುಲಾಗಿ ಬಿದ್ದಿದೆ. ಕಪ್ಪು ಪಟ್ಟೆ ಇದ್ದ ಜಾಗದಲ್ಲಿ ಬೂದು ಬಣ್ಣ. ಒಂಚೂರೂ ಅಲುಗಾಡುತ್ತಿಲ್ಲ. ಇದನ್ನು ಮೊದಲ ಸಲ ನೋಡಿದವರು ಒಂದೋ ಬಲೆ ಹಾಕಿ ಎತ್ತಲು ಹೋಗುತ್ತಾರೆ, ಇಲ್ಲಾ ಅಂಗಡಿಗೆ ಫೋನ್ ಮಾಡಿ "ಅಣ್ಣಾ, ನೀಲಿ ಔಷಧಿ ಎಷ್ಟು ಹನಿ ಹಾಕ್ಲಿ?" ಅಂತ ಕೇಳುತ್ತಾರೆ. ಬಲೆ ನೀರಿಗಿಳಿದ ತಕ್ಷಣ ಆ 'ಸತ್ತ' ಮೀನು ಚಂಗನೆ ಎದ್ದು ಕಲ್ಲಿನ ಸಂದಿಗೆ ನುಗ್ಗುತ್ತದೆ.

ಲೋಚ್ ಅಂದರೆ ನೀರಿನ ತಳದಲ್ಲಿ ಓಡಾಡುವ, ಮೀಸೆ ಇರುವ ಮೀನು. ಅದನ್ನು ಸಾಕುವವರಿಗೆ ಇದು ಮಾಮೂಲಿ ಅನುಭವ. ಬೇರೆ ಮೀನಿನಲ್ಲಿ ಕಂಡರೆ ಕಾಯಿಲೆ ಅನ್ನಬಹುದಾದ ಎಷ್ಟೋ ವಿಷಯ ಇವಕ್ಕೆ ಹುಟ್ಟುಗುಣ. ಹಾಗಂತ ಎಲ್ಲವನ್ನೂ ಹುಟ್ಟುಗುಣ ಅಂತ ಬಿಟ್ಟರೆ ನಿಜವಾದ ಕಾಯಿಲೆ ಕೈತಪ್ಪುತ್ತದೆ. ಇನ್ನೊಂದು ತೊಂದರೆಯೂ ಇದೆ. ಲೋಚ್‌ಗಳ ಹುರುಪೆ ತುಂಬಾ ಸಣ್ಣದು, ಚರ್ಮದೊಳಗೆ ಹುದುಗಿರುತ್ತದೆ. ಔಷಧಿಯ ಪೆಟ್ಟು ಬೇರೆ ಮೀನುಗಳಿಗಿಂತ ಇವಕ್ಕೆ ಬೇಗ ತಾಗುತ್ತದೆ. ಸುಮ್ನೆ ಒಂದು ಅಂದಾಜಿನ ಮೇಲೆ ಸುರಿದ ಔಷಧಿಯೇ ಚೆನ್ನಾಗಿದ್ದ ಮೀನನ್ನು ಮಲಗಿಸಿಬಿಡಬಹುದು. ಆದ್ದರಿಂದ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವ ಕ್ರಮ ಇಲ್ಲಿ ಬಹಳ ಮುಖ್ಯ. ಆ ಕ್ರಮದಲ್ಲೇ ಹೇಳುತ್ತಾ ಹೋಗುತ್ತೇನೆ.

ಹೆಜ್ಜೆ 1: ನಿಮ್ಮಲ್ಲಿರುವುದು ಯಾವ ಲೋಚ್?

ಅಂಗಡಿಯಲ್ಲಿ 'ಲೋಚ್' ಅಂತ ಒಂದೇ ಹೆಸರಿನಲ್ಲಿ ಕೊಟ್ಟಿರುತ್ತಾರೆ. ಆದರೆ ಒಂದಕ್ಕೆ ಸಹಜವಾದದ್ದು ಇನ್ನೊಂದಕ್ಕೆ ಅಪಾಯದ ಸೂಚನೆ ಆಗಿರಬಹುದು.

ಕಿತ್ತಳೆ ಮೈ, ಮೂರು ದಪ್ಪ ಕಪ್ಪು ಪಟ್ಟೆ, ಕೆಂಪು ರೆಕ್ಕೆ ಇದ್ದರೆ ಅದು ಕ್ಲೌನ್ ಲೋಚ್. ಇಂಡೋನೇಷ್ಯಾದ ಸುಮಾತ್ರಾ ಮತ್ತು ಬೋರ್ನಿಯೋ ದ್ವೀಪದ ನದಿಗಳ ಮೀನು. ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ. ಚೆನ್ನಾಗಿ ಸಾಕಿದರೆ 20ರಿಂದ 30 ಸೆಂಟಿಮೀಟರ್ ಬೆಳೆದು, 20 ವರ್ಷ ದಾಟಿಯೂ ಬದುಕುತ್ತದೆ. ಎರಡಡಿ ಟ್ಯಾಂಕಿಗೆ ಇದನ್ನು ಮಾರುವುದು ನನ್ನ ದೃಷ್ಟಿಯಲ್ಲಿ ಮೀನಿಗೂ ಕೊಳ್ಳುವವರಿಗೂ ಮಾಡುವ ಅನ್ಯಾಯ.

ಮೈತುಂಬಾ ಸಣ್ಣ ಸಣ್ಣ ಅಡ್ಡಗೆರೆ ಇರುವುದು ಜೀಬ್ರಾ ಲೋಚ್. ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಯಾಟಾ. ಇದು ನಮ್ಮ ಪಶ್ಚಿಮ ಘಟ್ಟದ್ದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಶಿವಮೊಗ್ಗದ ತುಂಗಾ ನದಿಯ ಮೀನು ನೋಡಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಈಗ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಗಳ ಸಾಲಿನಲ್ಲಿದೆ. ಅಕ್ವೇರಿಯಂಗೆಂದು ಹೊಳೆಯಿಂದ ಹಿಡಿದು ಮಾರುವುದೂ ಅದರ ಕಷ್ಟಕ್ಕೆ ಒಂದು ಕಾರಣ. ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಅದು ಎಂಥ ಮೀನು ಅಂತ ತಿಳಿದು ಸಾಕಿ.

ಯೋಯೋ ಲೋಚ್ ಗಂಗಾ ಬಯಲಿನ ಕಡೆಯದು. ಕೂಲಿ ಲೋಚ್ ಆಗ್ನೇಯ ಏಷ್ಯಾದ ಸಣ್ಣ, ಉದ್ದನೆಯ ಮೀನು, ಮರಳಿನಲ್ಲಿ ಹೂತುಕೊಳ್ಳುತ್ತದೆ. ಡೋಜೋ ಲೋಚ್ ಚೀನಾ, ಜಪಾನ್ ಕಡೆಯ ತಂಪು ನೀರಿನದು. ಕ್ಲೌನ್‌ಗೆ 26ರಿಂದ 29 ಡಿಗ್ರಿ ಬೇಕು. ಜೀಬ್ರಾಗೆ 23ರಿಂದ 26 ಸಾಕು. ಡೋಜೋ ಇನ್ನೂ ತಣ್ಣಗಿದ್ದರೇ ಆರಾಮ. ಇವನ್ನೆಲ್ಲ ಒಂದೇ ಟ್ಯಾಂಕಿನಲ್ಲಿ ಹಾಕಿದರೆ ಯಾವುದಾದರೂ ಒಂದು ಸದಾ ಕಷ್ಟದಲ್ಲಿರುತ್ತದೆ. 'ವಿಚಿತ್ರ ವರ್ತನೆ' ಅನ್ನುವ ಎಷ್ಟೋ ದೂರಿನ ಮೂಲ ಇಲ್ಲೇ ಇರುತ್ತದೆ.

ಹೆಜ್ಜೆ 2: ಕೈ ಹಾಕದೆ ಹತ್ತು ನಿಮಿಷ ನೋಡಿ

ಟ್ಯಾಂಕಿನಿಂದ ಎರಡು ಮೂರು ಅಡಿ ದೂರ ಕೂತುಕೊಳ್ಳಿ. ಗಾಜು ತಟ್ಟಬೇಡಿ, ಮುಚ್ಚಳ ತೆಗೆಯಬೇಡಿ. ನೀವು ಹತ್ತಿರ ಬಂದಾಗ ಮೀನು ಆಡುವ ರೀತಿಯೇ ಬೇರೆ, ಅದರ ಪಾಡಿಗೆ ಅದು ಇದ್ದಾಗಿನ ರೀತಿಯೇ ಬೇರೆ.

ಮಗ್ಗುಲಾಗಿ ಮಲಗುವುದನ್ನೇ ಮೊದಲು ತೆಗೆದುಕೊಳ್ಳೋಣ. ಕ್ಲೌನ್, ಯೋಯೋ, ಜೀಬ್ರಾ ಎಲ್ಲವೂ ಹೀಗೆ ಮಲಗುತ್ತವೆ. ಕಲ್ಲಿಗೂ ಗಾಜಿಗೂ ನಡುವೆ ತಲೆಕೆಳಗಾಗಿ ಸಿಕ್ಕಿಕೊಂಡ ಹಾಗೆ ಇರುತ್ತವೆ. ಪೈಪಿನೊಳಗೆ ಒಂದರ ಮೇಲೊಂದು ಒತ್ತಿಕೊಂಡು ನಿದ್ದೆ ಮಾಡುತ್ತವೆ. ಆರೋಗ್ಯವಾಗಿ ಮಲಗಿದ ಮೀನಿನ ಕಿವಿರು ನಿಧಾನವಾಗಿ ಒಂದೇ ಲಯದಲ್ಲಿ ಆಡುತ್ತದೆ, ಕಣ್ಣು ಅತ್ತಿತ್ತ ಹೊರಳುತ್ತದೆ, ಊಟ ಬಿದ್ದರೆ ಎದ್ದು ಬರುತ್ತದೆ. ಕಾಯಿಲೆ ಬಿದ್ದ ಮೀನು ನೇರ ನಿಲ್ಲಲು ಪ್ರಯತ್ನಿಸಿ ಮತ್ತೆ ಮತ್ತೆ ವಾಲುತ್ತದೆ. ನೀರಿನ ಸೆಳೆತಕ್ಕೆ ಸಿಕ್ಕಿ ಹೋದಲ್ಲಿ ಹೋಗುತ್ತದೆ, ಇಲ್ಲವೇ ಸುರುಳಿ ಸುತ್ತುತ್ತದೆ. ಹೊಟ್ಟೆ ಮೇಲಾಗಿ ತೇಲುವುದಂತೂ ಯಾವ ಲೋಚ್‌ಗೂ ಮಲಗುವ ರೀತಿ ಅಲ್ಲ.

ಆಮೇಲೆ ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡುವುದು. ಗುಂಪಾಗಿ, ಒಂದರ ಹಿಂದೆ ಒಂದು, ಅರ್ಧ ಮುಕ್ಕಾಲು ಗಂಟೆ ಓಡಿ ನಿಲ್ಲಿಸಿದರೆ ಅದು ಹುರುಪು. ನೀರು ಬದಲಿಸಿದ ಮೇಲೆ, ಹೊಸ ಟ್ಯಾಂಕಿಗೆ ಬಂದಾಗ, ಊಟಕ್ಕೆ ಮುಂಚೆ ಹೀಗೆ ಕಾಣುತ್ತದೆ. ಒಂದೇ ಮೀನು ದಿನವಿಡೀ ಒಂದೇ ಮೂಲೆಯಲ್ಲಿ ತನ್ನ ಬಿಂಬದ ಜೊತೆ ಓಡುತ್ತಿದ್ದರೆ ಅದಕ್ಕೆ ಜೊತೆ ಬೇಕು. ಬಸವನಹುಳು ತಿನ್ನಲಿ ಅಂತ ಒಂದೇ ಒಂದು ಲೋಚ್ ತಂದು ಬಿಡುವ ರೂಢಿ ನಮ್ಮಲ್ಲಿ ಜಾಸ್ತಿ. ಇವು ಗುಂಪಿನ ಮೀನು. ಐದಾರಾದರೂ ಇರಬೇಕು. ಒಂಟಿ ಲೋಚ್ ಒಂದೋ ಮೂಲೆ ಸೇರುತ್ತದೆ, ಇಲ್ಲಾ ಉದ್ದ ರೆಕ್ಕೆಯ ಏಂಜಲ್, ಗುರಾಮಿಗಳನ್ನು ಕಚ್ಚುತ್ತಾ ತಿರುಗುತ್ತದೆ.

ಎರಡು ಮೀನು ಮೈಗೆ ಮೈ ತಾಗಿಸಿಕೊಂಡು, ಒಂದು ತಿರುಗಿದ ಕಡೆಗೆ ಇನ್ನೊಂದೂ ತಿರುಗುತ್ತಾ ಜೋಡಿಯಾಗಿ ಈಜುವುದೂ ಉಂಟು. ಚಿಕ್ಕದು ದೊಡ್ಡದನ್ನು ಹೀಗೆ ಹಿಂಬಾಲಿಸುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ನೋಡಲು ಬಹಳ ಚಂದ. ಊಟದ ಹೊತ್ತಲ್ಲಿ ಗಾಜಿನಾಚೆಗೂ ಕೇಳುವ 'ಟಕ್ ಟಕ್' ಸದ್ದೂ ಇವುಗಳದ್ದೇ. ಹೀಟರ್ ಕೆಟ್ಟಿದೆ ಅಂತ ಎಷ್ಟೋ ಜನ ಪ್ಲಗ್ ಕೀಳುತ್ತಾರೆ.

ಮೇಲೆ ಹೋಗಿ ಗಾಳಿ ಗುಟುಕರಿಸುವುದರಲ್ಲಿ ಮಾತ್ರ ಜಾತಿ ನೋಡಿ ತೀರ್ಮಾನ ಮಾಡಬೇಕು. ಡೋಜೋ ಗಾಳಿ ನುಂಗಿ, ಕರುಳಿನ ಮೂಲಕವೇ ಆಮ್ಲಜನಕ ಹೀರಿಕೊಂಡು, ಉಳಿದದ್ದನ್ನು ಹಿಂದಿನಿಂದ ಗುಳ್ಳೆಯಾಗಿ ಬಿಡುತ್ತದೆ. ಕೆಸರು ಗದ್ದೆಯ ನೀರಿನಲ್ಲಿ ಬದುಕಲು ಅದಕ್ಕೆ ಸಿಕ್ಕ ದಾರಿ ಇದು. ಕೂಲಿಯೂ ಆಗಾಗ ಮೇಲೆ ಹೋಗಿ ಬರುತ್ತದೆ. ಆದರೆ ಕ್ಲೌನ್ ಅಥವಾ ಜೀಬ್ರಾ ನೀರಿನ ಮೇಲ್ಮೈಯಲ್ಲೇ ನಿಂತು ಬಾಯಿ ಬಡಿಯುತ್ತಿದ್ದರೆ ತಡಮಾಡಬೇಡಿ. ಈ ಹೆಜ್ಜೆ ಬಿಟ್ಟು ನೀರಿನ ಹೆಜ್ಜೆಗೆ (ಹೆಜ್ಜೆ 5) ಹೋಗಿ.

ಡೋಜೋ ಬಗ್ಗೆ ಇನ್ನೊಂದು ಮಾತು. ಗಾಳಿಯ ಒತ್ತಡ ಬಿದ್ದಾಗ ಇದು ಚಡಪಡಿಸುತ್ತದೆ. ಇದರ ಯುರೋಪಿನ ಸಂಬಂಧಿಯನ್ನು ಅಲ್ಲಿನ ಜನ ಹವಾಮಾನ ತಿಳಿಯಲೆಂದೇ ಗಾಜಿನ ಪಾತ್ರೆಯಲ್ಲಿ ಇಡುತ್ತಿದ್ದರಂತೆ. ಏಪ್ರಿಲ್-ಮೇ ತಿಂಗಳ ಸಂಜೆ, ಗುಡುಗು ಮಳೆಗೆ ಮುಂಚೆ ನಿಮ್ಮ ಡೋಜೋ ಹುಚ್ಚೆದ್ದು ಓಡಿದರೆ ಮೊದಲು ಕಿಟಕಿಯಾಚೆ ಆಕಾಶ ನೋಡಿ. ಮುಚ್ಚಳ ಭದ್ರವಾಗಿದೆಯಾ ಅಂತಲೂ ನೋಡಿ, ಯಾಕೆಂದರೆ ಇವು ಸಣ್ಣ ಸಂದಿ ಸಿಕ್ಕರೂ ಹೊರಗೆ ಬಂದುಬಿಡುತ್ತವೆ.

ಹೆಜ್ಜೆ 3: ಉಸಿರು ಎಣಿಸಿ

ನನ್ನನ್ನು ಕೇಳಿದರೆ ಇಡೀ ಪರೀಕ್ಷೆಯಲ್ಲಿ ಇದಕ್ಕೇ ಹೆಚ್ಚು ಬೆಲೆ. ಮೀನು ಚೆನ್ನಾಗಿರುವ ದಿನ, ಮಧ್ಯಾಹ್ನ, ಊಟ ಹಾಕದ ಹೊತ್ತಿನಲ್ಲಿ 30 ಸೆಕೆಂಡಿಗೆ ಕಿವಿರಿನ ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಅಂತ ಎಣಿಸಿ ಬರೆದಿಡಿ. ದೊಡ್ಡ ಮೀನು, ಸಣ್ಣ ಮೀನು ಎರಡರದ್ದೂ ಇರಲಿ. ಅನುಮಾನ ಬಂದ ದಿನ ಮತ್ತೆ ಎಣಿಸಿ. ಓಡಿ ದಣಿದದ್ದಲ್ಲ, ಸುಮ್ಮನೆ ನಿಂತಿದೆ, ಆದರೂ ಮಾಮೂಲಿಗಿಂತ ಒಂದೂವರೆ ಪಟ್ಟು ಆಗಿದ್ದರೆ ನಾನು ಅದನ್ನು ಕಾಯಿಲೆ ಅಥವಾ ಕೆಟ್ಟ ನೀರು ಅಂತಲೇ ಎಣಿಸುತ್ತೇನೆ. ಬೇರೆ ಲಕ್ಷಣ ಕಾಣಲಿ, ಬಿಡಲಿ.

ಎರಡೂ ಕಡೆ ನೋಡಿ. ಒಂದು ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತಿದ್ದರೆ ಕಿವಿರಿನೊಳಗೆ ಹುಳು ಅಥವಾ ಉರಿ ಇರುವ ಸಾಧ್ಯತೆ ಇದೆ. ಬಿಳಿ ಚುಕ್ಕೆ ರೋಗವೂ ಎಷ್ಟೋ ಸಲ ಮೊದಲು ಕಿವಿರಿನಲ್ಲಿ ಶುರುವಾಗುತ್ತದೆ. ಮೈಮೇಲೆ ಚುಕ್ಕೆ ಕಾಣುವ ಮುಂಚೆಯೇ ಉಸಿರು ಏರಿರುತ್ತದೆ.

ಕಲ್ಲಿಗೆ ಮೈ ಉಜ್ಜುವುದನ್ನೂ ಇದರ ಜೊತೆಗೇ ಗಮನಿಸಿ. ದಿನಕ್ಕೆ ಒಂದೆರಡು ಸಲ ಉಜ್ಜಿದರೆ ಏನೂ ಇಲ್ಲ. ನೀರು ಬದಲಿಸಿದ ಕೂಡಲೇ ಎಲ್ಲವೂ ಒಟ್ಟಿಗೆ ಉಜ್ಜಲು ಶುರು ಮಾಡಿದರೆ ಹೊಸ ನೀರಿನಲ್ಲಿದ್ದ ಕ್ಲೋರಿನ್ ಕಾರಣ ಇರಬಹುದು. ಎರಡು ಮೂರು ದಿನದಿಂದ ಉಜ್ಜುವುದು ಏರುತ್ತಲೇ ಇದ್ದು, ಉಸಿರೂ ಏರಿದ್ದರೆ ಅದು ಪರಾವಲಂಬಿಯ ಕೆಲಸ.

ಹೆಜ್ಜೆ 4: ಬಣ್ಣ ಓದುವುದು

ಮೀನಿನ ಚರ್ಮದಲ್ಲಿ ಕಪ್ಪು ಬಣ್ಣದ ಕಣಗಳನ್ನು ತುಂಬಿಕೊಂಡ ಕೋಶಗಳಿವೆ. ಕಣಗಳು ಕೋಶದ ತುಂಬಾ ಹರಡಿದರೆ ಮೈ ಕಪ್ಪಗೆ ಕಾಣುತ್ತದೆ. ಎಲ್ಲ ನಡುವಿಗೆ ಬಂದು ಗುಂಪುಗೂಡಿದರೆ ಅದೇ ಜಾಗ ಬಿಳಿಚುತ್ತದೆ. ಇದನ್ನು ನಡೆಸುವುದು ನರ ಮತ್ತು ಹಾರ್ಮೋನು. ಹಾಗಾಗಿ ಹೆದರಿಕೆ, ಜಗಳ, ಕತ್ತಲು, ತಳದ ಬಣ್ಣ ಎಲ್ಲವೂ ನಿಮಿಷಗಳಲ್ಲಿ ಮೀನಿನ ಮೈಮೇಲೆ ಕಾಣಿಸಿಕೊಳ್ಳುತ್ತವೆ. ಬೇಗ ಬಂದ ಬಣ್ಣ ಬೇಗ ಹೋದರೆ ಅದು ಈ ಕೋಶಗಳ ಆಟ. ಬಂದು ಹೋಗದೆ ಉಳಿದ ಬಣ್ಣಕ್ಕೆ ಕಾರಣ ಹುಡುಕಬೇಕು.

ಕ್ಲೌನ್ ಲೋಚ್ ಸಾಕುವವರನ್ನು ಅತಿ ಹೆಚ್ಚು ಗಾಬರಿ ಮಾಡುವುದು ಜಗಳದ ಬೂದು ಬಣ್ಣ. ಸರಿಸುಮಾರು ಒಂದೇ ಅಳತೆಯ ಎರಡು ಮೀನು. ಒಂದರ ತಲೆ ಇನ್ನೊಂದರ ಬಾಲದ ಕಡೆಗೆ ಬರುವ ಹಾಗೆ ಪಕ್ಕಪಕ್ಕ ನಿಂತು ನಿಧಾನವಾಗಿ ಸುತ್ತುತ್ತವೆ. ರೆಕ್ಕೆ ಪೂರ್ತಿ ಬಿಚ್ಚಿರುತ್ತದೆ. 'ಟಕ್' ಸದ್ದು ಜೋರಾಗುತ್ತದೆ. ನೋಡನೋಡುತ್ತಿದ್ದ ಹಾಗೇ ಕಿತ್ತಳೆ ಬಣ್ಣ ಇಳಿದು ಮಾಸಲು ಬಿಳಿ ಆಗುತ್ತದೆ, ಕಪ್ಪು ಪಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆಂಪು ರೆಕ್ಕೆ ಮಾತ್ರ ಹಾಗೇ ಉಳಿಯುತ್ತದೆ. ಸೋಲುವ ಮೀನು ಬಿಳಿಚುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಗೆಲ್ಲುವ ಮೀನೂ ಬಿಳಿಚುತ್ತದೆ. ಹೊಟ್ಟೆಗೆ ಗುದ್ದುತ್ತವೆ, ಬಾಯಿಗೆ ಬಾಯಿ ಕೊಡುತ್ತವೆ. ಕೊನೆಗೆ ಒಂದು ಹಿಂದೆ ಸರಿದು ಗುಹೆ ಸೇರುತ್ತದೆ. ಅರ್ಧ, ಒಂದು ಗಂಟೆಯಲ್ಲಿ ಎರಡರ ಮೈಯೂ ಮೊದಲಿನ ಬಣ್ಣಕ್ಕೆ ಬರುತ್ತದೆ. ಗುಂಪಿನಲ್ಲಿ ಯಾರು ಯಜಮಾನ ಅನ್ನುವುದು ತೀರ್ಮಾನ ಆಗುವುದು ಹೀಗೆ. ಹೊಸ ಮೀನು ಸೇರಿಸಿದಾಗ, ಟ್ಯಾಂಕಿನ ಕಲ್ಲು, ಪೈಪಿನ ಜಾಗ ಬದಲಿಸಿದಾಗ ಕೆಲವು ದಿನ ಇದು ಜಾಸ್ತಿ.

ಈ ಜಗಳ ಬಿಡಿಸಲು ಹೋಗಬೇಡಿ. ಅಲ್ಪಸ್ವಲ್ಪ ರೆಕ್ಕೆ ಹರಿದರೂ ಶುದ್ಧ ನೀರಿನಲ್ಲಿ ತಾನೇ ಕೂಡುತ್ತದೆ. ಆದರೆ ಒಂದೇ ಮೀನು ದಿನಗಟ್ಟಲೆ ಬೂದು ಬಣ್ಣದಲ್ಲೇ ಇದ್ದು, ಊಟದ ಹತ್ತಿರ ಬಂದಾಗೆಲ್ಲ ಅಟ್ಟಿಸಿಕೊಂಡು, ಸೊರಗುತ್ತಾ ಬಂದರೆ ನೀವು ನಡುವೆ ಬರಲೇಬೇಕು. ಗುಂಪಿನಲ್ಲಿ ಎರಡೋ ಮೂರೋ ಮೀನಿದ್ದಾಗ ಇದು ಹೆಚ್ಚು. ಸಂಖ್ಯೆ ಐದಾರಕ್ಕೆ ಏರಿಸಿದರೆ ಏಟು ಹಂಚಿಹೋಗುತ್ತದೆ. ಅಡಗುವ ಜಾಗ ಮೀನಿನ ಸಂಖ್ಯೆಗಿಂತ ಒಂದು ಹೆಚ್ಚೇ ಇರಲಿ. ಊಟವನ್ನು ಎರಡು ಮೂಲೆಯಲ್ಲಿ ಹಾಕಿ.

ಕತ್ತಲಲ್ಲಿ ಎಲ್ಲ ಲೋಚ್‌ಗಳೂ ಬಣ್ಣ ಇಳಿಸುತ್ತವೆ. ಲೈಟ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ ನಿಜವಾದ ಬಣ್ಣ ಕಾಣುತ್ತದೆ. ತಳಕ್ಕೆ ಬಿಳಿ ಮರಳು ಹಾಕಿದರೆ ಮೀನು ಮಾಸಲಾಗುತ್ತದೆ, ಕಪ್ಪು ಅಥವಾ ಕಂದು ಮರಳಿನಲ್ಲಿ ಬಣ್ಣ ಗಾಢವಾಗುತ್ತದೆ. ಬೀದಿ ಬದಿಯ ಬಾದಾಮಿ ಮರದ ಒಣ ಎಲೆ, ಹಣ್ಣಾಗಿ ತಾನೇ ಉದುರಿದ್ದು, ತೊಳೆದು ಒಂದೆರಡು ಹಾಕಿದರೆ ನೀರು ತಿಳಿ ಕಂದಾಗಿ ಬೆಳಕು ಹದವಾಗುತ್ತದೆ. ಕ್ಲೌನ್, ಕೂಲಿಗಳಿಗೆ ಇದು ಹಿಡಿಸುತ್ತದೆ. ಔಷಧಿ ಹೊಡೆದ ಮರದ ಎಲೆ, ವಾಹನದ ಹೊಗೆ ಮೆತ್ತಿದ ಎಲೆ ಬೇಡ.

ಕಿತ್ತಳೆ, ಕೆಂಪು ಬಣ್ಣಕ್ಕೆ ಬೇಕಾದ ಕೆರೋಟಿನಾಯ್ಡ್ ಅನ್ನು ಮೀನು ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ವರ್ಷಗಟ್ಟಲೆ ಒಂದೇ ಅಗ್ಗದ ಕಾಳು ತಿಂದ ಕ್ಲೌನ್ ಹಳದಿಗೆ ತಿರುಗಿದರೆ ಆಶ್ಚರ್ಯ ಇಲ್ಲ. ಮುಳುಗುವ ಕಾಳಿನ ಜೊತೆ ವಾರಕ್ಕೆ ಒಂದೆರಡು ಸಲ ಸಿಗಡಿ ಚೂರು, ಸ್ಪಿರುಲಿನಾ ಪಾಚಿ ಇರುವ ಬಿಲ್ಲೆ ಕೊಡಿ. ಸೌತೆಕಾಯಿ ಹೋಳನ್ನು ಕಲ್ಲಿಗೆ ಕಟ್ಟಿ ಮುಳುಗಿಸಿ, ಬೆಳಗ್ಗೆ ತೆಗೆದುಬಿಡಿ.

ವಯಸ್ಸಿನ ಜೊತೆ ಬದಲಾಗುವ ಬಣ್ಣವೂ ಇದೆ. ಮರಿ ಯೋಯೋಗಳ ಮೈಮೇಲೆ ಇಂಗ್ಲಿಷಿನ ವೈ, ಓ ಅಕ್ಷರಗಳ ಹಾಗೆ ಕಾಣುವ ಗುರುತು ಬೆಳೆದಂತೆ ಒಡೆದು ಬಲೆಬಲೆ ಆಗುತ್ತದೆ. ಜೀಬ್ರಾದ ಗೆರೆಗಳು ಸೀಳಿ ಎಣಿಕೆ ಹೆಚ್ಚುತ್ತದೆ. ಕೂಲಿ ಹೆಣ್ಣಿನ ಹೊಟ್ಟೆಯಲ್ಲಿ ಹಸಿರು ಛಾಯೆ ಕಂಡರೆ ಸೋಂಕು ಅಂತ ಹೌಹಾರಬೇಡಿ. ತೆಳು ಚರ್ಮದ ಮೂಲಕ ಕಾಣುತ್ತಿರುವುದು ಅದರ ಮೊಟ್ಟೆ.

ಇಷ್ಟೂ ಹುಟ್ಟುಗುಣದ ಬಣ್ಣ. ಇನ್ನು ಚಿಂತೆ ಮಾಡಬೇಕಾದ್ದು. ರೆಕ್ಕೆ ಮಡಚಿಕೊಂಡು ಇಡೀ ದಿನ ಬಿಳಿಚಿಕೊಂಡಿರುವುದು. ಮೈಮೇಲೆ ಹಾಲಿನ ತೆಳು ಪೊರೆ ಬಂದ ಹಾಗೆ ಮಬ್ಬು. ರೆಕ್ಕೆ, ಹೊಟ್ಟೆಯಲ್ಲಿ ಕೆಂಪು ಗೆರೆ. ಇದು ಅಮೋನಿಯಾ (ಮೀನಿನ ಕಸದಿಂದ ನೀರಿಗೆ ಸೇರುವ ವಿಷ) ಅಥವಾ ಬ್ಯಾಕ್ಟೀರಿಯಾದ ಕಡೆ ಕೈ ತೋರಿಸುತ್ತದೆ. ಟಾರ್ಚ್ ಓರೆಯಾಗಿ ಬಿಟ್ಟಾಗ ಮೈಮೇಲೆ ಚಿನ್ನದ ಬಣ್ಣದ ನುಣ್ಣನೆ ಧೂಳು ಕಂಡರೆ ವೆಲ್ವೆಟ್ ರೋಗ. ಬಾಯಿ ಸುತ್ತ ಅಥವಾ ಬೆನ್ನಮೇಲೆ ಬೂದು ಬಿಳುಪಿನ ಮಚ್ಚೆ ಹರಡುತ್ತಾ ಹೋದರೆ ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಇದನ್ನು ಬೂಷ್ಟು ಅಂತ ತಿಳಿದು ಹೀಟರ್ ಏರಿಸಿದರೆ ಇನ್ನೂ ಬೇಗ ಹರಡುತ್ತದೆ.

ಅಂಗಡಿಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಲೋಚ್ ಕಂಡರೆ ಅದಕ್ಕೆ ಬಣ್ಣ ಹಾಕಿದ್ದಾರೆ ಅಂತಲೇ ತಿಳಿಯಿರಿ. ಕೆಲವು ತಿಂಗಳಲ್ಲಿ ಬಣ್ಣ ಇಳಿದರೆ ಅದು ರೋಗ ಅಲ್ಲ. ಬಣ್ಣ ಹಾಕುವಾಗ ಮೀನು ಪಡುವ ಹಿಂಸೆ ಮಾತ್ರ ನಿಜವಾದದ್ದು. ಕೊಳ್ಳಬೇಡಿ, ಬೇಡಿಕೆ ಇರುವ ತನಕ ಇದು ನಿಲ್ಲುವುದಿಲ್ಲ.

ಹೆಜ್ಜೆ 5: ನಿನ್ನೆ ಮೊನ್ನೆ ಏನು ಬದಲಾಯಿತು?

ಉಸಿರು ಏರಿದೆ, ಇಲ್ಲಾ ಬಣ್ಣ ಮರಳುತ್ತಿಲ್ಲ. ಈಗ ಪರೀಕ್ಷೆಯ ಕಿಟ್ ತಂದು ನೀರು ಪರೀಕ್ಷೆ ಮಾಡಿ. ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸ್ವಲ್ಪ ಇದೆ, ಪರವಾಗಿಲ್ಲ ಅನ್ನುವ ಮಾತೇ ಇಲ್ಲ. ಕೊನೆಗೆ ಉಳಿಯುವ ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಲೋಚ್‌ಗೆ ಒಳ್ಳೆಯದು. ಬೋರ್‌ವೆಲ್ ನೀರಿನಲ್ಲಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ ಇದ್ದರೆ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ ಅನ್ನುವುದು ನೆನಪಿರಲಿ.

ಕಿಟ್ ತೋರಿಸದ ವಿಷಯಗಳೂ ಇವೆ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದಿರಾ? ಅದರಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸತ್ತಿರುತ್ತದೆ. ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಬೇಕು. ರಾತ್ರಿ ಕರೆಂಟ್ ಹೋಗಿತ್ತಾ? ಫಿಲ್ಟರ್ ನಿಂತು ಆಮ್ಲಜನಕ ಇಳಿದಿರುತ್ತದೆ. ಈ ಸಲ ಕಾವೇರಿ ನೀರಿನ ಬದಲು ಟ್ಯಾಂಕರ್ ನೀರು ಹಾಕಿದಿರಾ? ಟ್ಯಾಂಕರ್ ನೀರು ಪ್ರತಿ ಸಲವೂ ಬೇರೆ ಬೇರೆ ಬೋರ್‌ವೆಲ್ಲಿನದ್ದಾಗಿರಬಹುದು. ಮನೆಯಲ್ಲಿ ಜಿರಲೆ ಔಷಧಿ ಹೊಡೆಸಿದಿರಾ, ಸೊಳ್ಳೆ ಓಡಿಸುವ ಮೆಷಿನ್ ಏರ್ ಪಂಪಿನ ಪಕ್ಕದಲ್ಲೇ ಇದೆಯಾ? ಇವುಗಳಲ್ಲಿರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಕಡು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಕಾರಣ ಸಿಗಲಿ, ಬಿಡಲಿ, ಒಂದು ಕೆಲಸ ಧೈರ್ಯವಾಗಿ ಮಾಡಬಹುದು. ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬೆಚ್ಚಗಿರುವ ನೀರಿನಿಂದ ಕಾಲು ಭಾಗ ಬದಲಿಸಿ. ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡುವ ಕಲ್ಲು) ಇನ್ನೊಂದು ಹಾಕಿ. ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ಪಂಪ್ ಬಳಸಿ, ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ಟ್ಯಾಂಕ್ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಕೆಲವು ಗಂಟೆಯಲ್ಲಿ ಉಸಿರು ಇಳಿದರೆ ತೊಂದರೆ ನೀರಿನದ್ದೇ ಆಗಿತ್ತು, ಔಷಧಿ ಬೇಕಾಗಿಲ್ಲ.

ಹೆಜ್ಜೆ 6: ಕಾಯಿಲೆಯೇ ಅಂತ ಖಚಿತವಾದರೆ

ಲೋಚ್‌ಗಳನ್ನು ಮುಖ್ಯವಾಗಿ ಕಾಡುವುದು ಎರಡು.

ಒಂದು, ಬಿಳಿ ಚುಕ್ಕೆ ರೋಗ. ಮೈ, ರೆಕ್ಕೆ ಮೇಲೆ ರವೆ ಚಿಮುಕಿಸಿದ ಹಾಗೆ ಕಾಣುತ್ತದೆ. ಟ್ಯಾಂಕಿನಲ್ಲಿ ಹತ್ತು ಜಾತಿಯ ಮೀನಿದ್ದರೆ ಮೊದಲು ಕ್ಲೌನ್ ಲೋಚ್ ಮೇಲೆ ಕಾಣುವುದೇ ಹೆಚ್ಚು. ಈ ರೋಗ ತರುವ ಪರಾವಲಂಬಿ ಜೀವಿ ಚುಕ್ಕೆಯಾಗಿ ಚರ್ಮದೊಳಗೆ ಕೂತಿರುವಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಅದು ಉದುರಿ, ತಳದಲ್ಲಿ ಕೂತು, ಒಡೆದು ನೂರಾರಾಗಿ, ಹೊಸ ಮೀನು ಹುಡುಕುತ್ತಾ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಹೋಯ್ತು ಅಂತ ಮೂರನೇ ದಿನಕ್ಕೆ ಔಷಧಿ ನಿಲ್ಲಿಸಿದರೆ ಮತ್ತೆ ಬರುವುದು ಇದಕ್ಕೇ.

ಕ್ಲೌನ್‌ಗಳಿದ್ದರೆ ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ರವರೆಗೆ ಏರಿಸಿ. ಬೆಚ್ಚಗಾದಷ್ಟೂ ಆ ಜೀವಿಯ ಚಕ್ರ ಬೇಗ ತಿರುಗಿ, ಔಷಧಿಗೆ ಬೇಗ ಸಿಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಗಾಳಿ ಜೋರಾಗಿ ಬಿಡಿ. ಡೋಜೋದಂಥ ತಂಪು ನೀರಿನ ಲೋಚ್‌ಗಳಿಗೆ ಈ ಶಾಖದ ದಾರಿ ಬೇಡ. ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುವ ಔಷಧಿಯನ್ನು ಬಾಟಲಿಯ ಮೇಲೆ ಬರೆದದ್ದರ ಅರ್ಧದಿಂದ ಶುರು ಮಾಡಿ, ಎರಡು ಮೂರು ಗಂಟೆ ಉಸಿರು ಎಣಿಸುತ್ತಾ ಇರಿ. ತಾಮ್ರ ಇರುವ ಔಷಧಿ ಲೋಚ್ ಟ್ಯಾಂಕಿಗೆ ಬೇಡ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಅದೇ ಔಷಧಿ ಹೀರಿಬಿಡುತ್ತದೆ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ.

ಎರಡನೆಯದು ಸೊರಗು ರೋಗ. ಮೀನು ಗಬಗಬ ತಿನ್ನುತ್ತದೆ, ಆದರೂ ದಿನದಿಂದ ದಿನಕ್ಕೆ ಸಣ್ಣಗಾಗುತ್ತದೆ. ಮುಂದಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೇಲಿನಿಂದ ನೋಡಿ. ತಲೆಯ ಹಿಂದೆ, ಬೆನ್ನಿನ ಎರಡೂ ಕಡೆ ಮಾಂಸ ಇಳಿದು ತಲೆಯೇ ದಪ್ಪ ಕಾಣುತ್ತಿದ್ದರೆ ಇದೇ. ಹೊಳೆಯಿಂದ ಹಿಡಿದು ತಂದ ಲೋಚ್‌ಗಳಲ್ಲಿ ಕರುಳಿನ ಹುಳು, ಪರಾವಲಂಬಿ ಇರುವುದು ಸಾಮಾನ್ಯ. ಕುರಿ, ದನಗಳ ಜಂತುಹುಳಕ್ಕೆ ಕೊಡುವ ಲೆವಾಮಿಸೋಲ್, ಫೆನ್‌ಬೆಂಡಜೋಲ್ ಇದಕ್ಕೂ ಬಳಕೆಯಲ್ಲಿವೆ. ಪ್ರಮಾಣವನ್ನು ಮಾತ್ರ ಟ್ಯಾಂಕಿನ ಲೀಟರ್ ಲೆಕ್ಕ ಹೇಳಿ ಪಶುವೈದ್ಯರಿಂದಲೇ ಬರೆಸಿಕೊಳ್ಳಿ. ವೈದ್ಯರ ಬಳಿ ಹೋಗುವಾಗ ಮೀನು ಒಯ್ಯುವುದಕ್ಕಿಂತ ವಿಡಿಯೋ ಒಯ್ಯಿರಿ: ಪಕ್ಕದಿಂದ ಒಂದು, ಮೇಲಿನಿಂದ ಒಂದು, ಉಸಿರಾಟದ್ದು ಒಂದು. ಜೊತೆಗೆ ನೀರಿನ ಪರೀಕ್ಷೆಯ ಅಂಕಿ ಇರಲಿ.

ಹೆಜ್ಜೆ 7: ಹಿಡಿಯಲೇಬೇಕಾದಾಗ

ಕ್ಲೌನ್, ಜೀಬ್ರಾ, ಯೋಯೋ ಎಲ್ಲಕ್ಕೂ ಕಣ್ಣಿನ ಕೆಳಗೆ ಒಂದೊಂದು ಮುಳ್ಳಿದೆ. ಮಾಮೂಲಿಯಾಗಿ ಮಡಚಿರುತ್ತದೆ, ಹೆದರಿದಾಗ ಹೊರಗೆ ನೆಟ್ಟಗಾಗುತ್ತದೆ. ಬಲೆಯ ನೂಲಿಗೆ ಇದು ಸಿಕ್ಕಿಕೊಂಡರೆ ಎಳೆಯಬೇಡಿ, ಮುಖ ಹರಿದುಹೋಗುತ್ತದೆ. ಬಲೆಯನ್ನು ನೀರಿನಲ್ಲೇ ಇಟ್ಟು ಒಂದು ನಿಮಿಷ ಬಿಟ್ಟರೆ ಎಷ್ಟೋ ಸಲ ಮೀನೇ ಮುಳ್ಳು ಮಡಚಿಕೊಳ್ಳುತ್ತದೆ. ಇಲ್ಲದಿದ್ದರೆ ಸುತ್ತಲಿನ ನೂಲನ್ನು ಕತ್ತರಿಯಿಂದ ಕತ್ತರಿಸಿ. ಬಲೆ ಹೋದರೆ ಇನ್ನೊಂದು ಸಿಗುತ್ತದೆ. ಇದಕ್ಕಿಂತ ಸುಲಭದ ದಾರಿ, ಅವು ಮಲಗುವ ಪಿವಿಸಿ ಪೈಪಿನ ಎರಡೂ ಬಾಯಿಗೆ ಅಂಗೈ ಮುಚ್ಚಿ ಪೈಪ್ ಸಮೇತ ಎತ್ತುವುದು. ಪ್ಲಾಸ್ಟಿಕ್ ಕವರಿನಲ್ಲಿ ಸಾಗಿಸುವಾಗ ಎರಡು ಕವರ್ ಹಾಕಿ, ಮುಳ್ಳು ಒಂದನ್ನು ತೂತು ಮಾಡುತ್ತದೆ.

ಸಾಕಲಾಗದಷ್ಟು ದೊಡ್ಡದಾಯಿತು ಅಂತ ಯಾವ ಲೋಚನ್ನೂ ಕೆರೆಗೋ ಹೊಳೆಗೋ ಬಿಡಬೇಡಿ. ಡೋಜೋ ಹೀಗೆ ಹೊರಬಿದ್ದು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಅಲ್ಲಿನ ನೀರು ಸೇರಿ ಬೇರೂರಿದೆ. ನಮ್ಮ ಹೊಳೆಗಳಲ್ಲಿ ಈಗಾಗಲೇ ಕಷ್ಟದಲ್ಲಿರುವ ನಮ್ಮದೇ ಲೋಚ್‌ಗಳಿವೆ. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ, ಅಂಗಡಿಗೆ ವಾಪಸ್ ಕೊಡಿ.

ಹೊಸ ಲೋಚ್ ತರುವ ಮುಂಚೆ

ಅಂಗಡಿಯ ಟ್ಯಾಂಕನ್ನು ಮೇಲಿನಿಂದಲೂ ನೋಡಿ, ತಲೆ ದಪ್ಪ ಬೆನ್ನು ಸಣ್ಣ ಇರುವುದನ್ನು ಬಿಡಿ. ಅದೇ ಟ್ಯಾಂಕಿನಲ್ಲಿ ಒಂದರ ಮೇಲೆ ಚುಕ್ಕೆ ಇದ್ದರೂ ಯಾವುದನ್ನೂ ತರಬೇಡಿ. ಊಟ ಹಾಕಲು ಹೇಳಿ, ತಿನ್ನುವುದನ್ನು ನೋಡಿ. ಮೀಸೆ ಪೂರ್ತಿ ಇದೆಯಾ ಅಂತಲೂ ಗಮನಿಸಿ. ಚೂಪು ಜಲ್ಲಿಯ ಮೇಲೆ ಇದ್ದ ಲೋಚ್‌ಗಳ ಮೀಸೆ ಸವೆದಿರುತ್ತದೆ. ಬೂದು ಬಣ್ಣದಲ್ಲಿ ಒಂದು ಕಂಡರೆ ತಕ್ಷಣ ಬೇಡ ಅನ್ನಬೇಡಿ. ಕಾಲು ಗಂಟೆ ನಿಂತು, ಅದು ಜಗಳದ ಬೂದೋ ಜ್ವರದ ಬೂದೋ ನೋಡಿ. ತಂದದ್ದನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಡಿ. ಆ ಟ್ಯಾಂಕಿಗೆ ಅದರದ್ದೇ ಬಲೆ, ಅದರದ್ದೇ ನೀರೆಳೆಯುವ ಪೈಪ್ ಇರಲಿ. ಒಳಗೆ ಒಂದೆರಡು ಪಿವಿಸಿ ತುಂಡು ಹಾಕಿ, ಬಾಯಿಯ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ. ಮೊದಲ ವಾರ ಮೀನು ಅದರೊಳಗಿಂದ ಹೊರಗೇ ಬರದಿರಬಹುದು. ರಾತ್ರಿ ಹಾಕಿದ ಕಾಳು ಬೆಳಗ್ಗೆ ಖಾಲಿಯಾಗಿದ್ದರೆ ಸಾಕು, ಅದನ್ನು ಅದರ ಪಾಡಿಗೆ ಬಿಡಿ.